‘ಗೊತ್ತಿಲ್ಲದ ಮೇಲ್ ತೆರೆಯಬೇಡಿ’ ಅಂದ್ರೆ ಸಾಕಾ?

ಸ್ಪ್ಯಾಮ್ ಮೇಲ್ ಬಗ್ಗೆ ನಮಗೆಲ್ಲ ಸಿಗೋ ಬುದ್ಧಿಮಾತು ಒಂದೇ: ಗೊತ್ತಿಲ್ಲದವರ ಮೇಲ್ ತೆರೆಯಬೇಡಿ. ಆದ್ರೆ ಇಂಟರ್ನ್‌ಶಿಪ್, ಸ್ಕಾಲರ್‌ಶಿಪ್, ಹ್ಯಾಕಥಾನ್ ಎಲ್ಲದರ ಮೇಲ್ ನಮಗೆ ಬರೋದು ಗೊತ್ತಿಲ್ಲದವರಿಂದಲೇ. ತೆರೆಯದೆ ವಿಧಿಯಿಲ್ಲ.

ಗೊತ್ತಿರುವವರ ಮೇಲ್ ಸೇಫ್ ಅಂತಾನೂ ಹೇಳೋಕಾಗಲ್ಲ. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯೂ’ ವೈರಸ್ ಜಗತ್ತಿಗೆಲ್ಲ ಹರಡಿದ್ದು ಪರಿಚಯದವರ ಹೆಸರಲ್ಲೇ. ಜೊತೆಗಿದ್ದ ಫೈಲ್ ‘ಟಿಎಕ್ಸ್‌ಟಿ’ ಅಂತ ಮುಗಿದ ಹಾಗೆ ಕಾಣ್ತಿತ್ತು. ಅದರ ಮುಂದಿದ್ದ ‘ವಿಬಿಎಸ್’ ಅನ್ನು ವಿಂಡೋಸ್ ಮರೆಮಾಡಿತ್ತು. ಒತ್ತಿದರೆ ಫೋಟೋ ಫೈಲ್‌ಗಳು ಹಾಳು, ಔಟ್‌ಲುಕ್‌ನಲ್ಲಿದ್ದ ಎಲ್ಲ ವಿಳಾಸಗಳಿಗೂ ಅದೇ ಪತ್ರ. 2019ರಲ್ಲಿ ನಮ್ಮ ಬೆಂಗಳೂರಿನ ವಿಪ್ರೊ ಕೂಡ ಕೆಲವು ಉದ್ಯೋಗಿಗಳ ಅಕೌಂಟ್ ಫಿಶಿಂಗ್‌ಗೆ ಸಿಕ್ಕಿದ್ದನ್ನು ಒಪ್ಪಿಕೊಂಡಿತು. ಐಟಿಯವರೇ ಸಿಕ್ಕಿಬೀಳ್ತಾರೆ ಅಂದ್ಮೇಲೆ ಉಳಿದವರ ಮಾತೇನು?

ಜಾಣರೂ ಎಡವೋದು ಅವಸರದಲ್ಲಿ. ಉಳವಿ, ಜೋಯಿಡಾ ಕಡೆಯ ಗೆಳೆಯರನ್ನು ಕೇಳಿ ನೋಡಿ. ರಜೆಗೆ ಊರಿಗೆ ಹೋದ್ರೆ ಕಾಡಿನ ನಡುವೆ ನೆಟ್‌ವರ್ಕ್ ಹುಡುಕಿಕೊಂಡು ನಿಲ್ಲಬೇಕು. ಸಿಗ್ನಲ್ ಬಂತೋ, ಮೇಲ್‌ಗಳೆಲ್ಲ ಒಟ್ಟಿಗೆ ಬಂದು ಬೀಳ್ತವೆ. ಅದರಲ್ಲೊಂದು ‘ಸ್ಕಾಲರ್‌ಶಿಪ್ ತಡೆಹಿಡಿಯಲಾಗಿದೆ, ಇಂದೇ ಕೊನೆಯ ದಿನ’ ಅಂತಿದ್ರೆ, ಸಿಗ್ನಲ್ ಹೋಗೋ ಮುಂಚೆ ಒತ್ತಿಬಿಡೋಣ ಅನ್ಸುತ್ತೆ. ಫೋನ್ ಪರದೆಯಲ್ಲಿ ಮೊದಲು ಕಾಣೋದು ಕಳಿಸಿದವರ ಹೆಸರಷ್ಟೇ, ವಿಳಾಸ ಅಲ್ಲ. ಕಳ್ಳನಿಗೆ ಅಷ್ಟು ಸಾಕು.

ಉಳವಿ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವ ರೈತರು ಗಾಲಿಯ ಕೀಲು ನೋಡದೆ ಕಾಡಿನ ದಾರಿ ಹಿಡಿಯಲ್ಲ. ನಾವೂ ಮೂರು ಕೀಲು ನೋಡೋಣ. ಒಂದು, ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ಓದೋಣ. ಎರಡು, ಫೈಲ್ ಹೆಸರಿನ ಕೊನೆ ನೋಡೋಣ. ‘ಪಿಡಿಎಫ್’ ಆದಮೇಲೆ ‘ಇಎಕ್ಸ್‌ಇ’ ಇದ್ರೆ ಅದು ಪಿಡಿಎಫ್ ಅಲ್ಲವೇ ಅಲ್ಲ. ಪಾಸ್‌ವರ್ಡ್ ಹಾಕಿದ ಜಿಪ್ ಬಂದ್ರೂ ಅನುಮಾನಪಡಿ. ಒಳಗೇನಿದೆ ಅಂತ ಮೇಲ್‌ನ ವೈರಸ್ ಸ್ಕ್ಯಾನರ್‌ಗೆ ಕಾಣಲ್ಲ. ಮೂರು, ಲಿಂಕ್ ಒತ್ತೋ ಬದಲು ನಾವೇ ಆ ಪೋರ್ಟಲ್‌ಗೆ ಹೋಗಿ ನೋಡೋಣ.

ಇಷ್ಟು ಮಾಡಿದ್ರೂ ಯಾರೋ ಒಬ್ಬರು ಒತ್ತಿಯೇ ಒತ್ತುತ್ತಾರೆ. ನಮ್ಮ ಮುಖ್ಯ ತಕರಾರು ಇರೋದು ಅದರ ಮುಂದಿನ ಐದು ನಿಮಿಷದ ಬಗ್ಗೆ. “ಸಿಎಸ್ ಓದ್ಕೊಂಡು ಇದಕ್ಕೆ ಬಿದ್ಯಾ?” ಅಂತ ಹಾಸ್ಟೆಲ್ ಪೂರ್ತಿ ನಗುತ್ತೆ. ನಗು ಕೇಳಿದವರು ಮುಂದಿನ ಸಲ ಬಾಯಿ ಬಿಡಲ್ಲ. ಅವರು ಸುಮ್ಮನಿದ್ದಷ್ಟು ಹೊತ್ತು ವೈರಸ್ ಪೆನ್‌ಡ್ರೈವ್ ಹತ್ತಿ ಲ್ಯಾಬಿಂದ ರೂಮಿಗೆ, ರೂಮಿಂದ ಊರಿಗೆ ಹೋಗಬಹುದು.

ಒತ್ತಿದವರು ಮೊದಲು ನೆಟ್ ಆಫ್ ಮಾಡಲಿ, ಬೇರೆ ಫೋನ್‌ನಿಂದ ಪಾಸ್‌ವರ್ಡ್ ಬದಲಿಸಲಿ, ಲ್ಯಾಬ್‌ನವರಿಗೆ ತಿಳಿಸಲಿ. ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಲಿ. ಪಕ್ಕದಲ್ಲಿರೋ ನಮ್ಮ ಕೆಲಸ ಇನ್ನೂ ಸುಲಭ: ನಗದೆ ಜೊತೆಗೆ ಕೂರೋದು. ಹೇಳೋಕೆ ಹೆದರೋ ಕ್ಯಾಂಪಸ್‌ಗೆ ಯಾವ ಆಂಟಿವೈರಸ್ ಹಾಕಿದ್ರೂ ಅಷ್ಟೇ.