ಬೇಸಿಗೆ ರಜೆಯ ಬೀದಿ ಓಟ: ಮೊದಲು ಐಸ್, ಆಮೇಲೆ ಟೀ ಶರ್ಟ್

1970ರ ಜುಲೈ 4ರಂದು ಅಮೆರಿಕದ ಅಟ್ಲಾಂಟಾ ನಗರದ ಪೀಚ್‌ಟ್ರೀ ರಸ್ತೆಯಲ್ಲಿ 110 ಮಂದಿ ಓಡಿದರು. ಅಲ್ಲಿನ ಸ್ವಾತಂತ್ರ್ಯ ದಿನ, ಜಾರ್ಜಿಯಾ ರಾಜ್ಯದ ನಡುಬೇಸಿಗೆ. ತಣ್ಣಗಿರಲು ಬಯಸುವವರು ನೆರಳು ಬಿಟ್ಟು ಕದಲದ ದಿನ. ಓಟ ಏರ್ಪಡಿಸಿದ್ದು ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಡೀನ್ ಟಿಮ್ ಸಿಂಗಲ್ಟನ್ ಮತ್ತು ಅವರ ಅಟ್ಲಾಂಟಾ ಟ್ರ್ಯಾಕ್ ಕ್ಲಬ್. ಗೆದ್ದ ಜೆಫ್ ಗ್ಯಾಲೋವೇ ಎರಡು ವರ್ಷಗಳ ನಂತರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಹೋದರು. ಮಹಿಳೆಯರಲ್ಲಿ ಮೊದಲಿಗರಾಗಿ ಬಂದವರು ಗೇಲ್ ಬ್ಯಾರನ್. ಬಾಸ್ಟನ್ ಮ್ಯಾರಥಾನ್ ಮಹಿಳೆಯರನ್ನು ಅಧಿಕೃತವಾಗಿ ಸೇರಿಸಿಕೊಂಡದ್ದೇ 1972ರಲ್ಲಿ. 1978ರಲ್ಲಿ ಅದನ್ನೂ ಬ್ಯಾರನ್ ಗೆದ್ದರು. ದೊಡ್ಡ ಸ್ಪರ್ಧೆ ಹಿಂದೆ ಮುಂದೆ ನೋಡುತ್ತ ನಿಂತಿದ್ದಾಗ ಊರಿನ ಕ್ಲಬ್ಬೊಂದು ಯಾವ ಗದ್ದಲವೂ ಇಲ್ಲದೆ ಹೆಣ್ಣುಮಕ್ಕಳನ್ನು ಓಡಿಸಿ ಮುಗಿಸಿತ್ತು.

ಆ ಓಟ ಮುಂದೆ ಸುಮಾರು 60,000 ಮಂದಿಯವರೆಗೆ ಬೆಳೆಯಿತು. ಹತ್ತು ಕಿಲೋಮೀಟರ್ ಓಟಗಳಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದು ಎಂಬ ಹೆಸರು ಅದಕ್ಕಿದೆ. 110 ಮಂದಿ ಅರವತ್ತು ಸಾವಿರವಾದ ಕತೆಯನ್ನು ಹೇಳಲು ಎಲ್ಲರಿಗೂ ಇಷ್ಟ. ಆದರೆ ನಮ್ಮ ಊರುಗಳಲ್ಲಿ ಓಟ ಏರ್ಪಡಿಸುವ ಉಮೇದಿನವರು ಗಮನಿಸಬೇಕಾದದ್ದು ಆ ಮೊದಲ ಸಂಖ್ಯೆಯನ್ನು. ನೂರಿನ್ನೂರು ಜನರನ್ನು, ಅದೂ ಬೇಸಿಗೆಯ ರಜಾದಿನದಲ್ಲಿ, ಸುರಕ್ಷಿತವಾಗಿ ಓಡಿಸಿ ಮನೆಗೆ ಕಳಿಸುವುದು ಒಂದು ಕಸುಬು. ಸಮಿತಿಗಳು ದುಡ್ಡು ಕಡಿಮೆ ಬಿದ್ದಾಗ ಮೊದಲು ಕೈಬಿಡುವುದು ಆ ಕಸುಬಿಗೆ ಸೇರಿದ ಬಾಬ್ತುಗಳನ್ನೇ. ಪದಕ, ಟೀ ಶರ್ಟ್, ಬ್ಯಾನರ್ ಮಾತ್ರ ಉಳಿಯುತ್ತವೆ.

ಅಮೆರಿಕದ ಎಷ್ಟೋ ಸಣ್ಣ ಊರುಗಳಲ್ಲಿ ಜುಲೈ 4ರ ಬೆಳಿಗ್ಗೆ ಇಂಥ ಓಟ ಇರುತ್ತದೆ. ಬೆಳಿಗ್ಗೆ ಓಟ, ಆಮೇಲೆ ಮೆರವಣಿಗೆ, ಮಧ್ಯಾಹ್ನ ಬಯಲೂಟ, ರಾತ್ರಿ ಪಟಾಕಿ. ಓಟವನ್ನು ಮೆರವಣಿಗೆಗೆ ಮುಂಚೆ ಇಟ್ಟುಕೊಳ್ಳುವುದಕ್ಕೆ ಬಿಸಿಲು ಒಂದು ಕಾರಣ, ರಸ್ತೆ ಇನ್ನೊಂದು. ಸಣ್ಣ ಸಮಿತಿಗೆ ರಸ್ತೆ ಖಾಲಿ ಮಾಡಿಸುವಷ್ಟು ದೊಡ್ಡ ತಲೆನೋವು ಬೇರೆ ಇಲ್ಲ. ಮೆರವಣಿಗೆಗೆಂದು ಹೇಗೂ ಅನುಮತಿ ಸಿಕ್ಕಿರುತ್ತದೆ, ಪೊಲೀಸರು ಬಂದಿರುತ್ತಾರೆ, ಅಡ್ಡಗಟ್ಟೆಗಳು ಇಳಿದಿರುತ್ತವೆ, ಮುಂದಿನ ಸಾಲಿನಲ್ಲಿ ಜಾಗ ಹಿಡಿಯಲು ಜನ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಓಟದವರು ಅದೇ ಏರ್ಪಾಡಿನಲ್ಲಿ ತಮ್ಮ ಕೆಲಸವನ್ನೂ ಮುಗಿಸಿಕೊಳ್ಳುತ್ತಾರೆ. ಪ್ರೇಕ್ಷಕರೂ ಪುಕ್ಕಟೆ! ಎಂಥ ಊರಿಗೂ ಎಟಕುವ ಜಾಣತನ ಇದು.

ಎಟಕದೆ ಉಳಿಯುವುದು ದೂರದ ಲೆಕ್ಕ. ಹತ್ತು ಕಿಲೋಮೀಟರ್ ಎಂದು ಬ್ಯಾನರ್ ಕಟ್ಟುವುದು ಸುಲಭ. ಅದು ಹತ್ತೇ ಎಂದು ಹೇಳುವವರು ಯಾರು? ಕಾರಿನ ಮೀಟರ್ ಅಂದಾಜು ಹೇಳುತ್ತದೆ. ಓಟಗಾರರ ಕೈಯ ಜಿಪಿಎಸ್ ವಾಚುಗಳು ಒಂದೊಂದು ಒಂದೊಂದು ಹೇಳುತ್ತವೆ. ಅಮೆರಿಕದಲ್ಲಿ ಈ ಗೊಂದಲಕ್ಕೆ ಶಿಸ್ತು ತಂದವರಲ್ಲಿ ಮೊದಲ ಹೆಸರು ಟೆಡ್ ಕಾರ್ಬಿಟ್. ಗುಲಾಮರಾಗಿದ್ದವರ ಮೊಮ್ಮಗನಾದ ಇವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದವರು, ನ್ಯೂಯಾರ್ಕ್‌ನ ಓಟಗಾರರ ಸಂಘದ ಮೊದಲ ಅಧ್ಯಕ್ಷರು. ರಸ್ತೆ ಓಟದ ದೂರವನ್ನು ಸೈಕಲ್ಲಿನಿಂದ ಅಳೆಯುವ ಬಗೆಯನ್ನು ಅವರು 1964ರಲ್ಲಿ ಬರೆದಿಟ್ಟರು. 1971ರಲ್ಲಿ ಎಂಜಿನಿಯರ್ ಅಲನ್ ಜೋನ್ಸ್ ಸೈಕಲ್ಲಿನ ಮುಂದಿನ ಗಾಲಿಗೆ ಕೂರಿಸುವ ಪುಟ್ಟ ಎಣಿಕೆ ಯಂತ್ರವೊಂದನ್ನು ರೂಪಿಸಿದರು. ಜೋನ್ಸ್ ಕೌಂಟರ್ ಎಂಬ ಹೆಸರಿನಲ್ಲಿ ಅದು ದೇಶ ದಾಟಿ ಹೋಯಿತು.

ವಿಧಾನ ನೋಡಲು ಸರಳ, ಮಾಡುವಾಗ ತಾಳ್ಮೆ ಬೇಡುತ್ತದೆ. ಮೊದಲು ನೇರವಾದ ರಸ್ತೆಯಲ್ಲಿ ಉಕ್ಕಿನ ಟೇಪು ಹಿಡಿದು ಸುಮಾರು 300 ಮೀಟರ್ ಗುರುತು ಮಾಡಬೇಕು. ಅದರ ಮೇಲೆ ಸೈಕಲ್ಲನ್ನು ನಾಲ್ಕು ಸಲ ಓಡಿಸಿ, ಒಂದು ಕಿಲೋಮೀಟರಿಗೆ ಯಂತ್ರ ಎಷ್ಟು ಎಣಿಸುತ್ತದೆ ಎಂದು ಲೆಕ್ಕ ಹಾಕಬೇಕು. ಬಳಿಕ ಓಟದ ದಾರಿಯ ಅಳತೆ. ಅದು ಮುಗಿದ ಮೇಲೆ ಮತ್ತೆ ಅದೇ 300 ಮೀಟರಿಗೆ ಬಂದು ಇನ್ನೂ ನಾಲ್ಕು ಸಲ. ಯಾಕೆಂದರೆ ಬಿಸಿಲೇರಿದಂತೆ ಟಯರಿನೊಳಗಿನ ಗಾಳಿ ಹಿಗ್ಗಿ ಗಾಲಿಯ ಸುತ್ತಳತೆಯೇ ಚೂರು ಬದಲಾಗಿರುತ್ತದೆ! ತಿರುವುಗಳಲ್ಲಿ ರಸ್ತೆಯಂಚಿನಿಂದ ಕೇವಲ 30 ಸೆಂಟಿಮೀಟರ್ ಬಿಟ್ಟು ಸೈಕಲ್ ಹೋಗಬೇಕು. ಓಟಗಾರ ತಿರುವಿನ ಒಳಅಂಚನ್ನು ಒತ್ತಿ ಓಡಿದರೂ ದೂರ ಕಡಿಮೆಯಾಗಬಾರದು ಎಂಬ ಎಚ್ಚರಿಕೆ ಅದು. ಕೊನೆಗೆ ಸಾವಿರಕ್ಕೊಂದರಂತೆ ಹೆಚ್ಚುವರಿ ಸೇರಿಸಬೇಕು, ಅಂದರೆ ಹತ್ತು ಕಿಲೋಮೀಟರಿಗೆ ಹತ್ತು ಮೀಟರ್. ಇಷ್ಟಾದ ಮೇಲೆ ಸಿಗುವ ಪ್ರಮಾಣಪತ್ರ ಅಮೆರಿಕದಲ್ಲಿ ಹತ್ತು ವರ್ಷ ನಡೆಯುತ್ತದೆ.

ಊರಿನ ಓಟಕ್ಕೆ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ನಿಜ, ಪಕ್ಕದ ಬೀದಿಯ ಮಕ್ಕಳು ಓಡುವುದಕ್ಕೆ ಸೈಕಲ್ ಗಣಿತ ಬೇಕಿಲ್ಲ. ಆದರೆ ಕಳೆದ ವರ್ಷ 52 ನಿಮಿಷ ತೆಗೆದುಕೊಂಡ ಬ್ಯಾಂಕ್ ಗುಮಾಸ್ತೆ ಈ ವರ್ಷ 49ಕ್ಕೆ ಮುಗಿಸಿದರೆ, ಆ ಮೂರು ನಿಮಿಷ ಅವರ ಕಾಲಿನ ಗಳಿಕೆಯೋ ಸಮಿತಿಯ ಅಳತೆಯ ತಪ್ಪೋ ಎಂಬುದು ಅವರಿಗೆ ಗೊತ್ತಾಗಬೇಕಲ್ಲ. ಗೆಲ್ಲುವವರು ಒಬ್ಬಿಬ್ಬರು, ಉಳಿದ ಎಲ್ಲರೂ ತಮ್ಮ ಹಿಂದಿನ ವರ್ಷದ ಜೊತೆಗೆ ಸ್ಪರ್ಧಿಸುವವರು. ಸಣ್ಣ ಓಟ ಇರುವುದೇ ಅವರಿಗಾಗಿ.

ಮುಕ್ತಾಯದ ಗೆರೆಯಲ್ಲಿ ಮಾತ್ರ ತಂತ್ರಜ್ಞಾನಕ್ಕೆ ಸಾಲ ಮಾಡಬೇಕಿಲ್ಲ. ಸಮಯ ದಾಖಲಿಸುವ ಚಿಪ್‌ಗಳ ಕಾಲಕ್ಕೆ ಮೊದಲಿನ ಪದ್ಧತಿ ಇನ್ನೂರು ಜನರಿಗೆ ಇವತ್ತಿಗೂ ಸಾಕು. ಎದೆಗೆ ಪಿನ್ನಿನಿಂದ ಸಿಕ್ಕಿಸಿದ ನಂಬರ್ ಚೀಟಿಯ ಕೆಳತುದಿಯಲ್ಲಿ ಹರಿದುಕೊಳ್ಳುವ ಪಟ್ಟಿಯೊಂದು ಇರುತ್ತದೆ. ಗೆರೆ ದಾಟಿದವರು ಹಗ್ಗ ಕಟ್ಟಿದ ಓಣಿಯಲ್ಲಿ ಒಬ್ಬರ ಹಿಂದೊಬ್ಬರು ಬರಬೇಕು, ಅಲ್ಲಿ ಯಾರನ್ನೂ ಹಿಂದಿಕ್ಕುವಂತಿಲ್ಲ. ಕೊನೆಯಲ್ಲಿ ನಿಂತವರು ಪಟ್ಟಿ ಹರಿದು, ಕಿರಾಣಿ ಅಂಗಡಿಯಲ್ಲಿ ಬಿಲ್ಲು ಪೋಣಿಸುವ ಹಾಗೆ, ತಂತಿಗೆ ಚುಚ್ಚುತ್ತ ಹೋಗುತ್ತಾರೆ. ಗೆರೆಯ ಬಳಿ ಇನ್ನೊಬ್ಬರು ಸ್ಟಾಪ್‌ವಾಚ್ ಒತ್ತುತ್ತಾರೆ. ತಂತಿಯ ಕ್ರಮ, ವಾಚಿನ ಕ್ರಮ ಎರಡನ್ನೂ ಜೋಡಿಸಿದರೆ ಫಲಿತಾಂಶ. ನಂಬರ್ ಇಲ್ಲದ ಉತ್ಸಾಹಿಯೊಬ್ಬ ನಡುವೆ ನುಗ್ಗಿದರೆ ಅವನ ಹಿಂದಿನ ಎಲ್ಲರ ಸಮಯವೂ ಅದಲುಬದಲು. ಹಾಗಾಗಿ ಓಣಿಯ ಬಾಯಿಗೆ ಸ್ವಲ್ಪ ಜೋರುದನಿಯ ಮೇಷ್ಟ್ರೊಬ್ಬರನ್ನು ನಿಲ್ಲಿಸುವುದು ಒಳ್ಳೆಯದು.

ಟೀ ಶರ್ಟಿನ ವಿಷಯಕ್ಕೆ ಬಂದರೆ, ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಪೀಚ್‌ಟ್ರೀ ಓಟದಲ್ಲಿ ಅದು ಶುರುವಾದದ್ದು ಎರಡನೆಯ ವರ್ಷ, 1971ರಲ್ಲಿ. ಈಗ ಅದರ ವಿನ್ಯಾಸಕ್ಕೆ ಪ್ರತ್ಯೇಕ ಸ್ಪರ್ಧೆ ನಡೆಯುತ್ತದೆ. ಗೆದ್ದ ವಿನ್ಯಾಸ ಯಾವುದೆಂದು ಓಟದ ದಿನದವರೆಗೆ ಗುಟ್ಟಾಗಿ ಇಡುತ್ತಾರೆ. ಓಟ ಮುಗಿಸಿದವರಿಗಷ್ಟೇ ಸಿಗುವ ಬಟ್ಟೆ ಎಂಬುದರಲ್ಲೇ ಅದರ ಬೆಲೆ ಇದೆ. ನಮ್ಮಲ್ಲಿ ಹಿಂದಿನ ದಿನವೇ ಹಂಚಿ, ಬಂದವರಿಗೂ ಬಾರದವರಿಗೂ ಒಂದೇ ಎಂದು ಮಾಡಿದ್ದೇವೆ.

ಇನ್ನು ಬಿಸಿಲು. ಬೇಸಿಗೆಯ ಓಟದ ಮಟ್ಟಿಗೆ ಉಳಿದ ಎಲ್ಲ ಎಡವಟ್ಟಿಗೂ ಕ್ಷಮೆ ಉಂಟು, ಇದಕ್ಕಿಲ್ಲ.

ಮ್ಯಾಸಚೂಸೆಟ್ಸ್ ರಾಜ್ಯದ ಕಡಲತೀರದ ಫಾಲ್ಮತ್ ಎಂಬ ಊರಿನಲ್ಲಿ ಪ್ರತಿ ಆಗಸ್ಟಿನಲ್ಲಿ ಏಳು ಮೈಲಿ, ಅಂದರೆ 11.3 ಕಿಲೋಮೀಟರ್ ಓಟ ನಡೆಯುತ್ತದೆ. ಅದನ್ನು ಹುಟ್ಟುಹಾಕಿದ ಟಾಮಿ ಲೆನರ್ಡ್ ಬಾರ್‌ನಲ್ಲಿ ಮದ್ಯ ಬಡಿಸುತ್ತಿದ್ದವರು. 1972ರ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಅಮೆರಿಕದ ಫ್ರ್ಯಾಂಕ್ ಶಾರ್ಟರ್ ಗೆಲ್ಲುವುದನ್ನು ಟಿವಿಯಲ್ಲಿ ಕಂಡು ರೋಮಾಂಚಿತರಾಗಿ, ಮರುವರ್ಷ ಒಂದು ಬಾರ್‌ನಿಂದ ಇನ್ನೊಂದು ಬಾರ್‌ವರೆಗೆ ಓಟ ಇಟ್ಟೇಬಿಟ್ಟರು. ಅಂದು 92 ಮಂದಿ ಓಡಿದರು. ಮೂರನೆಯ ವರ್ಷ ಸ್ವತಃ ಶಾರ್ಟರ್ ಬಂದು ಗೆದ್ದರು. ಈಗ ಹತ್ತು ಸಾವಿರಕ್ಕೂ ಹೆಚ್ಚು ಜನ ಬರುತ್ತಾರೆ. ಆದರೆ ವೈದ್ಯಲೋಕ ಫಾಲ್ಮತ್ ಅನ್ನು ನೆನೆಯುವುದು ಬೇರೆಯದೇ ಕಾರಣಕ್ಕೆ. ಆಗಸ್ಟಿನ ಧಗೆ, ಕಡಲಿನ ತೇವ, ಮ್ಯಾರಥಾನ್‌ಗಿಂತ ಬಿರುಸಾಗಿ ಓಡುವಷ್ಟು ಕಡಿಮೆ ದೂರ ಮೂರೂ ಸೇರಿ ಅಲ್ಲಿ ಓಟಗಾರರಿಗೆ ಉಷ್ಣಾಘಾತ ಆಗುವುದು ಹೆಚ್ಚು. 18 ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ 274 ಪ್ರಕರಣಗಳು ಸಿಕ್ಕವು. ಓಟ ಮುಗಿಸಿದ ಪ್ರತಿ ಸಾವಿರ ಮಂದಿಗೆ ಎರಡಕ್ಕಿಂತ ತುಸು ಹೆಚ್ಚು. ಆ 274 ಜನರಲ್ಲಿ ಒಬ್ಬರೂ ಸಾಯಲಿಲ್ಲ.

ಹೇಗೆ ಎಂದರೆ, ಮುಕ್ತಾಯದ ಡೇರೆಯಲ್ಲೇ ಐಸ್ ನೀರು ತುಂಬಿದ ಟಬ್ಬುಗಳು ಕಾದಿದ್ದವು. ಕುಸಿದವರ ಒಳಮೈ ಉಷ್ಣಾಂಶವನ್ನು ಗುದದ್ವಾರದ ಥರ್ಮಾಮೀಟರಿನಿಂದ ನೋಡಿ, 40 ಡಿಗ್ರಿ ಸೆಲ್ಸಿಯಸ್ ಮೀರಿ ಮಾತು ತೊದಲುತ್ತಿದ್ದರೆ ತಡಮಾಡದೆ ಕತ್ತಿನವರೆಗೆ ನೀರಿನಲ್ಲಿ ಮುಳುಗಿಸಲಾಯಿತು. ಹಣೆಗೆ ಒದ್ದೆ ಬಟ್ಟೆ ಹಾಕಿ ಆಂಬುಲೆನ್ಸ್ ಹತ್ತಿಸುವ ನಮ್ಮ ರೂಢಿಗೆ ಇದು ಉಲ್ಟಾ. ಮೊದಲು ತಣಿಸು, ಆಮೇಲೆ ಸಾಗಿಸು ಎಂಬುದು ಈಗ ಕ್ರೀಡಾ ವೈದ್ಯರ ಒಮ್ಮತದ ಸೂತ್ರ. ಮೊದಲ ಅರ್ಧ ಗಂಟೆಯಲ್ಲಿ ಮೈ ತಣಿದರೆ ಜೀವವೂ ಉಳಿಯುತ್ತದೆ, ಮಿದುಳು, ಮೂತ್ರಪಿಂಡಗಳೂ ಉಳಿಯುತ್ತವೆ. ರಸ್ತೆ ಓಟ ಎಂದರೆ ಹೃದಯಾಘಾತದ ಭಯವೇ ಎಲ್ಲರಿಗೂ ಮುಂದು. ಆದರೆ ಇಸ್ರೇಲಿನ ಟೆಲ್ ಅವೀವ್‌ನ ಓಟಗಳನ್ನು ಗಮನಿಸಿ ಅದೇ 2014ರಲ್ಲಿ ಬಂದ ಮತ್ತೊಂದು ಅಧ್ಯಯನದ ಪ್ರಕಾರ, ಹೃದಯದ ಒಂದು ಗಂಭೀರ ಪ್ರಕರಣಕ್ಕೆ ಉಷ್ಣಾಘಾತದ ಹತ್ತು ಗಂಭೀರ ಪ್ರಕರಣಗಳಿದ್ದವು.

ಬಿಸಿಲನ್ನು ಲೆಕ್ಕಕ್ಕೆ ಹಿಡಿಯುವ ಕ್ರಮವೂ ಬೇರೆ. ನೆರಳಿನ ಉಷ್ಣಾಂಶ ಒಂದೇ ಸಾಲದು. ಗಾಳಿಯ ತೇವ, ನೇರ ಬಿಸಿಲು, ಗಾಳಿ ಬೀಸುವ ವೇಗ ಎಲ್ಲ ಸೇರಿದ ಅಳತೆಯೊಂದನ್ನು ಓಟದ ವೈದ್ಯರು ಬಳಸುತ್ತಾರೆ. ಪೀಚ್‌ಟ್ರೀ ಓಟದ ದಾರಿಯುದ್ದಕ್ಕೂ ಅಪಾಯದ ಮಟ್ಟ ತಿಳಿಸುವ ಹಸಿರು, ಹಳದಿ, ಕೆಂಪು, ಕಪ್ಪು ಬಾವುಟಗಳಿರುತ್ತವೆ. ಕಪ್ಪು ಏರಿದರೆ ಓಟವೇ ಬಂದ್. ರದ್ದು ಮಾಡುವ ಧೈರ್ಯ ದೊಡ್ಡವರಿಗೂ ಬೇಕಾಗುತ್ತದೆ. 2023ರ ಅಕ್ಟೋಬರ್ 1ರಂದು ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರಗಳ ಮ್ಯಾರಥಾನನ್ನು ಸೆಕೆಯ ಕಾರಣಕ್ಕೆ ಅಂದೇ ಬೆಳಿಗ್ಗೆ ರದ್ದುಪಡಿಸಿದರು. ಬೈಸಿಕೊಂಡಿರುತ್ತಾರೆ, ಸರಿ. ಹೆಣ ಹೊರುವುದಕ್ಕಿಂತ ಅದು ವಾಸಿ.

ಜನ ಎಷ್ಟಿರಬೇಕು ಎಂಬುದಕ್ಕೆ ಅಲಾಸ್ಕಾದ ಸೀವರ್ಡ್ ಎಂಬ ಪುಟ್ಟ ಬಂದರು ಊರನ್ನು ನೋಡಬೇಕು. ಅಲ್ಲಿ 1915ರಿಂದ ಜುಲೈ 4ರಂದು ಊರ ಬೀದಿಯಿಂದ ಗುಡ್ಡವನ್ನು 921 ಮೀಟರ್ ಎತ್ತರದವರೆಗೆ ಹತ್ತಿ ಇಳಿಯುವ ಓಟವಿದೆ. ಇಡೀ ರಾಜ್ಯ ಬಂದು ನೋಡುತ್ತದೆ. ಓಡುವವರ ಸಂಖ್ಯೆಗೆ ಮಾತ್ರ ಮಿತಿ, ಉಳಿದ ಜಾಗಕ್ಕೆ ಚೀಟಿ ಎತ್ತುತ್ತಾರೆ. 2012ರಲ್ಲಿ ಗುಡ್ಡ ಹತ್ತಿದ ಓಟಗಾರರೊಬ್ಬರು ಇವತ್ತಿಗೂ ಸಿಕ್ಕಿಲ್ಲ. ಅದಾದ ಮೇಲೆ ನಿಯಮಗಳು ಇನ್ನೂ ಬಿಗಿಯಾದವು. ನೂರು ವರ್ಷ ಹಳೆಯ ಓಟವೂ ತನ್ನ ಕೈಗೆ ಎಟಕುವಷ್ಟೇ ಜನರನ್ನು ಸೇರಿಸಿಕೊಳ್ಳುತ್ತದೆ.

ಕರ್ನಾಟಕದಲ್ಲಿ ಬೇಸಿಗೆ ಓಟದ ದೊಡ್ಡ ಉದಾಹರಣೆ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ. 2008ರಲ್ಲಿ ಶುರುವಾಗಿ ವರ್ಷಗಟ್ಟಲೆ ಮೇ ತಿಂಗಳಲ್ಲೇ ನಡೆದ ಅದನ್ನು 2024ರಿಂದ ಏಪ್ರಿಲ್ ಕೊನೆಗೆ ತಂದಿದ್ದಾರೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿಗೆ ಮುಂಜಾವಿನ ತಂಪಿನ ಅನುಕೂಲ ಉಂಟು. ಅದನ್ನು ನೋಡಿ ಮೇ ತಿಂಗಳಲ್ಲಿ ಮಂಗಳೂರಿನಲ್ಲೋ ರಾಯಚೂರಿನಲ್ಲೋ ಓಟ ಇಡುವವರು ಎರಡು ಬಾರಿ ಯೋಚಿಸಬೇಕು. ಕರಾವಳಿಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದ ಬೆವರು ಮೈಯನ್ನು ತಣಿಸುವುದೂ ಇಲ್ಲ. ರಾಯಚೂರಿನಲ್ಲಿ ಬೆವರು ಆರುತ್ತದೆ, ಆದರೆ ಎಂಟು ಗಂಟೆಯ ಹೊತ್ತಿಗೇ ಬಿಸಿಲು ಬಾಣಲೆಗೆ ಇಳಿಸುತ್ತದೆ.

ನಮ್ಮ ಓಟಗಳಿಗೆ ಇನ್ನೊಂದು ಶಾಪವಿದೆ, ವೇದಿಕೆ. ಆರಕ್ಕೆ ಶುರು ಎಂದು ಕರೆಸಿಕೊಂಡ ಮಕ್ಕಳು, ಹಿರಿಯರು, ಅತಿಥಿಗಳ ಕಾರು ಬರುವವರೆಗೆ ನಿಲ್ಲಬೇಕು. ಬಳಿಕ ಹಾರ, ಶಾಲು, ಪೇಟ, ಫಿಟ್‌ನೆಸ್ ಕುರಿತು ಭಾಷಣ. ಹಸಿರು ಬಾವುಟ ಬೀಸುವ ಹೊತ್ತಿಗೆ ತಂಪು ಕರಗಿರುತ್ತದೆ, ಕುಡಿದ ನೀರು ಬೆವರಾಗಿ ಹೋಗಿರುತ್ತದೆ. ಅರ್ಧ ಗಂಟೆ ತಡ ಎಂಬುದು ಸಭೆಗೆ ಏನೂ ಅಲ್ಲ. ಬೇಸಿಗೆಯ ಓಟಕ್ಕೆ ಅದು ಸುರಕ್ಷಿತ ಬೆಳಿಗ್ಗೆಗೂ ಅಪಾಯದ ಬೆಳಿಗ್ಗೆಗೂ ಇರುವ ಅಂತರ.

ನಮಗೂ ಬೇಸಿಗೆಯಲ್ಲಿ ರಜೆಗಳಿವೆ: ಬಸವ ಜಯಂತಿ, ಮೇ 1ರ ಕಾರ್ಮಿಕ ದಿನ. ಊರಿನ ಜಾತ್ರೆಗಳೂ ಈ ದಿನಗಳಲ್ಲೇ ಹೆಚ್ಚು. ತೇರು ಎಳೆಯಲು ರಸ್ತೆ ತೆರವಾಗುವ ದಿನ ಬೆಳಿಗ್ಗೆ ಒಂದು ಗಂಟೆ ಓಟಕ್ಕೆ ಕೇಳಿದರೆ ಯಾವ ಪಂಚಾಯಿತಿಯೂ ಇಲ್ಲ ಎನ್ನಲಾರದು. ಸರಿಯಾಗಿ ಅಳೆದ ಐದು ಕಿಲೋಮೀಟರ್ ಸಾಕು, ಮುನ್ನೂರು ಜನ ಧಾರಾಳವಾಯಿತು. ಪ್ರತಿ ಅಡ್ಡರಸ್ತೆಗೆ ಸೀಟಿ ಹಿಡಿದ ಇಬ್ಬರು, ನಡುದಾರಿಯಲ್ಲಿ ನೀರು, ಮುಕ್ತಾಯದಲ್ಲಿ ಒಬ್ಬ ವೈದ್ಯ. ಟಬ್ ಹುಡುಕಲು ಬೆಂಗಳೂರಿಗೆ ಹೋಗಬೇಕಿಲ್ಲ. ಶಾಮಿಯಾನದವರ ಬಳಿ ಆಳು ಕೂರುವಷ್ಟು ದೊಡ್ಡ ನೀರಿನ ತೊಟ್ಟಿ ಸಿಗುತ್ತದೆ, ಮೀನು ಮಾರುಕಟ್ಟೆಗೆ ಐಸ್ ಕೊಡುವವರ ಬಳಿ ಐಸ್ ಸಿಗುತ್ತದೆ.

ಮುಂದಿನ ಬೇಸಿಗೆಗೆ ಓಟದ ಯೋಚನೆ ಇರುವ ಸಂಘಗಳು ಟೀ ಶರ್ಟಿನ ಬಣ್ಣ ಆರಿಸುವ ಮೊದಲು ಐಸ್ ಕಾರ್ಖಾನೆಗೆ ಮುಂಗಡ ಕೊಟ್ಟು ಬರಲಿ. ಅತಿಥಿಗಳನ್ನು ಬಹುಮಾನ ವಿತರಣೆಗೆ ಕರೆಯಲಿ, ಚಾಲನೆಗೆ ಬೇಡ. ವೈದ್ಯರು ಒಪ್ಪಿಕೊಳ್ಳದಿದ್ದರೆ ಓಟವನ್ನು ಜನವರಿಗೆ ಹಾಕಿಕೊಳ್ಳಲಿ.