ಮುದ್ರಿಕೆಯ ಬೆನ್ನ ಮೇಲಿನ ಹೆಸರುಗಳು

ಜೋಗಕ್ಕೆ ಬರುವ ಪ್ರವಾಸಿಕನ ದೃಷ್ಟಿ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಲ್ಲಿಯೇ ನೆಟ್ಟುಬಿಡುತ್ತದೆ. ಆಷಾಢದ ಮಳೆಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಣಿವೆಗಳಿಗೆ ಧುಮುಕುವ ಹೆಸರಿಲ್ಲದ ಝರಿಗಳನ್ನು ಕಾಣಬೇಕಾದರೆ ಹಳ್ಳದ ಜಾಡು ಹಿಡಿದು ನಡೆಯಬೇಕು. ಧ್ವನಿಮುದ್ರಿಕೆಗಳ ಲೋಕವೂ ಹೀಗೆಯೇ. ಹೆಸರಾದುದನ್ನು ಎಲ್ಲರೂ ಕೇಳಿರುತ್ತಾರೆ. ಉಳಿದುದು ಜಾಡು ಹಿಡಿದವರ ಪಾಲಿಗೆ. ಆ ಜಾಡು ಇರುವುದು ಮುದ್ರಿಕೆಯ ಹೊದಿಕೆಯ ಹಿಂಬದಿಯಲ್ಲಿ, ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಪಕ್ಕವಾದ್ಯದವರ ಹೆಸರುಗಳಲ್ಲಿ. ಅಂಥ ಒಂದು ಜಾಡು ಜರ್ಮನಿಯಲ್ಲಿ ಹೊರಟು ಬೆಂಗಳೂರಿಗೆ ಬಂದು ಮುಟ್ಟುತ್ತದೆಂದರೆ ಕನ್ನಡಿಗರಿಗೆ ಅಚ್ಚರಿಯಾದೀತು.

1960ರ ದಶಕದ ಕೊನೆಯಲ್ಲಿ ಜರ್ಮನಿಯ ತರುಣರು ಇಂಗ್ಲಿಷರ ಪಾಪ್ ಗೀತೆಗಳನ್ನು ಅನುಕರಿಸುವುದನ್ನು ಬಿಟ್ಟು, ತಮ್ಮದೇ ಆದ ದೀರ್ಘ, ಪ್ರಯೋಗಶೀಲ ರಾಕ್ ಸಂಗೀತವನ್ನು ಕಟ್ಟತೊಡಗಿದರು. ಇಂಗ್ಲಿಷ್ ಪತ್ರಿಕೆಗಳು ಅದನ್ನು ‘ಕ್ರೌಟ್‌ರಾಕ್’ ಎಂದು ಕರೆದವು. ಕ್ರೌಟ್ ಎಂಬುದು ಹುಳಿ ಬರಿಸಿದ ಎಲೆಕೋಸನ್ನು ನೆನಪಿಗೆ ತರುವ ಮಾತು; ಜರ್ಮನರನ್ನು ಹಂಗಿಸಲು ಹುಟ್ಟಿದ ಅಡ್ಡಹೆಸರು. ಹಂಗಿಸಿದವರು ಮರೆತುಹೋದರು, ಹೆಸರು ಮಾತ್ರ ಗೌರವದ ಬಿರುದಾಗಿ ಉಳಿಯಿತು. ಇದಕ್ಕೆ ನೆರೆಯಾದದ್ದು ‘ಪ್ರೊಗ್ರೆಸಿವ್ ರಾಕ್’. ಪ್ರಗತಿಶೀಲವೆಂದೊಡನೆ ನಮ್ಮ ವಾಚಕರಿಗೆ ಅನಕೃ, ನಿರಂಜನರ ನೆನಪಾಗುವುದು ಸಹಜ. ಆದರೆ ಇಲ್ಲಿ ಪ್ರಗತಿಯೆಂದರೆ ಮೂರು ನಿಮಿಷದ ಹಾಡಿನ ಬೇಲಿಯನ್ನು ದಾಟಿ, ಮುದ್ರಿಕೆಯ ಒಂದು ಮಗ್ಗುಲನ್ನೇ ತುಂಬುವ ಕೃತಿಗಳನ್ನು ರಚಿಸುವುದು. ನಾಲ್ಕರ ನಡೆಯನ್ನು ಬಿಟ್ಟು ಐದು, ಏಳರ ಲೆಕ್ಕಗಳಿಗೆ ಕೈಹಾಕುವುದು.

ಮ್ಯೂನಿಕ್ ನಗರದಲ್ಲಿ 1969ರಲ್ಲಿ ಹುಟ್ಟಿದ ‘ಎಂಬ್ರಿಯೊ’ ಎಂಬ ಬಳಗ ಈ ಪಂಥಕ್ಕೆ ಸೇರಿದ್ದು. ಅದರ ಮುಖಂಡ ಕ್ರಿಶ್ಚಿಯನ್ ಬುರ್ಖಾರ್ಡ್. 1973ರ ‘ವಿ ಕೀಪ್ ಆನ್’ ಎಂಬ ಮುದ್ರಿಕೆಯ ಬೆನ್ನ ಮೇಲೆ ಚಾರ್ಲಿ ಮರಿಯಾನೊ ಎಂಬ ಹೆಸರು ಕಾಣುತ್ತದೆ. ಅಮೆರಿಕದ ಈ ಸ್ಯಾಕ್ಸೊಫೋನ್ ವಾದಕರು ನಮ್ಮ ದೇವಸ್ಥಾನಗಳ ನಾಗಸ್ವರವನ್ನೂ ಶ್ರದ್ಧೆಯಿಂದ ಕಲಿತವರು. 1978ರಲ್ಲಿ ಎಂಬ್ರಿಯೊ ಬಳಗ ಬಸ್ಸು ಹತ್ತಿ ಇರಾನ್, ಆಫ್ಘಾನಿಸ್ತಾನಗಳ ಮಾರ್ಗವಾಗಿ ಭಾರತಕ್ಕೆ ಬಂದಿತು. ದಾರಿಯುದ್ದಕ್ಕೂ ಆಯಾ ಊರಿನ ವಾದಕರೊಡನೆ ಕೂಡಿ ನುಡಿಸಿದ್ದರ ಫಲ 1979ರ ‘ಎಂಬ್ರಿಯೋಸ್ ರೈಸೆ’, ಅಂದರೆ ಎಂಬ್ರಿಯೊದ ಯಾತ್ರೆ.

ಮುಂದೆ ಇದೇ ಬಳಗ, ಇದೇ ಮರಿಯಾನೊ, ‘ಲೈಫ್’ ಎಂಬ ಮುದ್ರಿಕೆಯಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಂಸ್ಥೆಯೊಡನೆ ಕೂಡಿದರು. ಮೃದಂಗ ವಿದ್ವಾಂಸರಾದ ಟಿ. ಎ. ಎಸ್. ಮಣಿ ಅವರು 1964ರಲ್ಲಿ ಸ್ಥಾಪಿಸಿದ ಲಯವಾದ್ಯಗಳ ಶಾಲೆ ಅದು. 1983ರಲ್ಲಿ ಮರಿಯಾನೊ ಮತ್ತು ಈ ಸಂಸ್ಥೆ ಸೇರಿ ಹೊರತಂದ ‘ಜ್ಯೋತಿ’ಯನ್ನು ಜರ್ಮನಿಯ ಇ.ಸಿ.ಎಂ. ಸಂಸ್ಥೆ ಪ್ರಕಟಿಸಿತು. ಅದರ ಮೊದಲಲ್ಲಿ ಕೇಳುವುದು ಸ್ಯಾಕ್ಸೊಫೋನ್ ಅಲ್ಲ. ಮಣಿಯವರ ಪತ್ನಿ ಆರ್. ಎ. ರಮಾಮಣಿಯವರ ಏಕಾಂಗಿ ಕಂಠ. ಆಮೇಲೆ ಮೃದಂಗ, ಘಟ, ಖಂಜಿರಗಳು ಒಂದೊಂದಾಗಿ ಜೊತೆಗೂಡುತ್ತವೆ.

ಇಂಥ ಮುದ್ರಿಕೆಗಳು ಕೇಳುಗರಿಂದ ದೂರ ಉಳಿಯುವುದಕ್ಕೆ ಕಾರಣ ಗುಣದ ಕೊರತೆಯಲ್ಲ. ಎಂಬ್ರಿಯೊದ ‘ರೈಸೆ’, ‘ಲೈಫ್’ ಮುದ್ರಿಕೆಗಳು ಕಾಣಿಸಿಕೊಂಡದ್ದು ‘ಶ್ನೇಬಾಲ್’ ಎಂಬ, ವಾದಕರೇ ಕೈಗೂಡಿಸಿ ನಡೆಸಿದ ಸಣ್ಣ ಪ್ರಕಾಶನದಲ್ಲಿ. ದೊಡ್ಡ ಕಂಪೆನಿಗಳ ಪ್ರಚಾರದ ಬಲ ಅದಕ್ಕಿರಲಿಲ್ಲ. ರಾಕ್ ಪ್ರಿಯರಿಗೆ ಅದು ತೀರ ಹಿಂದೂಸ್ತಾನವೆನಿಸಿತು, ಸಂಪ್ರದಾಯಸ್ಥರಿಗೆ ತೀರ ಪರದೇಶಿ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಗಿಡ ಪರದೇಶದ ಮದ್ದಿನಂಗಡಿಯನ್ನು ಸೇರಿದ ಮೇಲೂ ಹಿತ್ತಲಿನವರು ಅದರ ಗುರುತು ಹಿಡಿಯಲಿಲ್ಲ.

ಗುರುತು ಹಿಡಿಯುವುದು ಮಲೆನಾಡಿನವರಿಗಂತೂ ಕಷ್ಟವಾಗಬಾರದು. ತಕಿಟ ಎಂದರೆ ಮೂರು, ತಕಧಿಮಿ ಎಂದರೆ ನಾಲ್ಕು, ಎರಡೂ ಕೂಡಿದರೆ ಏಳು: ಕೊನ್ನಕೋಲಿನ ಈ ಬಾಯಿಲೆಕ್ಕವೇ ಆ ಸಂಗೀತದ ಬೆನ್ನೆಲುಬು. ಗದ್ದೆಯ ಬಯಲಿನಲ್ಲಿ ಬೆಳಗಿನ ಜಾವದವರೆಗೆ ಆಟ ನೋಡಿ, ತ್ರಿವುಡೆ ತಾಳದ ಏಳು ಎಣಿಕೆಯನ್ನು ಮದ್ದಲೆಯಲ್ಲಿ ಕೇಳಿ ಬೆಳೆದವನಿಗೆ, ಲಂಡನ್ನಿನ ಕೇಳುಗನಿಗಿಂತ ಈ ಬಾಗಿಲು ಬೇಗ ತೆರೆದೀತು. ಪರಕೀಯವೆಂದು ದೂರವಿಟ್ಟದ್ದರ ಒಳಗೆ ನಮ್ಮದೇ ಕಾಲ್ದನಿ ಇದೆ.

ಅದೇ 1978ರಲ್ಲಿ, ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಕ್ಯಾಸೆಟ್ ಹೊರಬಂದು ಜೋಗದ ಹೆಸರನ್ನು ಮನೆಮನೆಯಲ್ಲಿ ಹಾಡಿಸಿತು. ಹೊಸನಗರ ತಾಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರು ‘ಕಾಡು ಕುದುರೆ’ಯ ಹಾಡಿಗಾಗಿ ರಾಷ್ಟ್ರಪ್ರಶಸ್ತಿ ಪಡೆದರು. ಅವರ ಹೆಸರುಗಳು ಉಳಿದಿವೆ, ಉಳಿಯುತ್ತವೆ. ಆದರೆ ಅಂದಿನ ಹಾಡುಗಳ ಹಿಂದೆ ತಬಲಾ ನುಡಿಸಿದವರು ಯಾರು, ಕೊಳಲು ಊದಿದವರು ಯಾರು ಎಂದು ಎಷ್ಟು ಮಂದಿ ಕೇಳಿದ್ದಾರೆ?

ಕೇಳಬೇಕಾದವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಮರಿಯಾನೊ 2009ರಲ್ಲಿ, ಬುರ್ಖಾರ್ಡ್ 2018ರಲ್ಲಿ, ಮಣಿಯವರು 2020ರಲ್ಲಿ, ಸುಬ್ಬಣ್ಣನವರು 2022ರಲ್ಲಿ ಅಗಲಿದರು. ಇತ್ತ ಮಲೆನಾಡಿನ ಅಟ್ಟಗಳಲ್ಲಿ ಹಳೆಯ ಪ್ಲೇಟುಗಳೂ ಕ್ಯಾಸೆಟ್ಟುಗಳೂ ಪ್ರತಿ ಮಳೆಗಾಲಕ್ಕೆ ಒಂದಿಷ್ಟು ಬೂಸ್ಟು ಹಿಡಿಯುತ್ತಿವೆ. ಗುಜರಿಯವನ ತಕ್ಕಡಿಗೆ ಅವನ್ನು ಹಾಕುವ ಮುನ್ನ ಒಣಗಿದ ಮೆತ್ತನೆಯ ಬಟ್ಟೆಯಿಂದೊಮ್ಮೆ ಒರೆಸಿ, ಬೆನ್ನು ತಿರುಗಿಸಿ ನೋಡಿದರೆ ನಷ್ಟವೇನಿಲ್ಲ. ಅಲ್ಲಿರುವ ಸಣ್ಣ ಅಕ್ಷರದ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಅರ್ಧ ಗಂಟೆಯ ಕೆಲಸ. ಮುಂದೆ ಜಾಡು ಹಿಡಿದು ಬರುವವನಿಗೆ ಅಷ್ಟು ಸಾಕು.