ಕಾಂಕ್ರೀಟು ಒಣಗಿದ ಮೇಲಿನ ಪ್ರಯೋಗ

ಅಹಮದಾಬಾದಿನಲ್ಲೋ ವಡೋದರದಲ್ಲೋ ನಾಲ್ವರು ಕನ್ನಡಿಗರು ಸೇರಿ, ಅವರಲ್ಲಿ ಇಬ್ಬರು ತಂತ್ರಾಂಶದವರಿದ್ದರೆ, ಮಾತು ‘ಅಜೈಲ್’ ಕಡೆಗೆ ಹೊರಳಲು ತಡವಾಗುವುದಿಲ್ಲ. ಒಂದು ಹಂತವನ್ನು ಮುಗಿಸಿ, ಮುದ್ರೆಯೊತ್ತಿ, ಮುಂದಿನದಕ್ಕೆ ಸಾಗುವ ‘ವಾಟರ್‌ಫಾಲ್’ ಕ್ರಮ ಸರ್ಕಾರಿ ಜಡತ್ವದ್ದಂತೆ. ಸ್ವಲ್ಪ ಮಾಡಿ, ತೋರಿಸಿ, ತಿದ್ದಿ, ಮತ್ತೆ ಮಾಡುವ ಆವರ್ತನ ಕ್ರಮ ಖಾಸಗಿ ಚುರುಕಿನದಂತೆ. ಈ ನಂಬಿಕೆ ಸುಳ್ಳು. ಅದಕ್ಕೆ ಸಾಕ್ಷಿ ನಾವು ದಿನವೂ ದಾಟುವ ರಸ್ತೆಯ ನಡುವೆಯೇ ಇದೆ.

ಅಹಮದಾಬಾದಿನ ‘ಜನಮಾರ್ಗ’ ಬಸ್ ಪಥವನ್ನು ರೂಪಿಸಿದ್ದು ಪಾಲಿಕೆ ಮತ್ತು ಸೆಪ್ಟ್ ವಿಶ್ವವಿದ್ಯಾಲಯ. ಇಡೀ ಜಾಲವನ್ನು ಒಮ್ಮೆಗೇ ಕಟ್ಟಿ ಮುಗಿಸುವ ಹಟ ಅವರಿಗಿರಲಿಲ್ಲ. ಮೊದಲು ಒಂದು ಮಾದರಿ ನಿಲ್ದಾಣವನ್ನು ನಿಲ್ಲಿಸಿ ಜನರ ಅಭಿಪ್ರಾಯ ಕೇಳಿದರು. 2009ರಲ್ಲಿ ಕೆಲವು ತಿಂಗಳು ಉಚಿತವಾಗಿ ಬಸ್ಸು ಓಡಿಸಿ ನೋಡಿದರು. ಅಕ್ಟೋಬರ್ 14ರಂದು ಪಿರಾಣಾದಿಂದ ಆರ್.ಟಿ.ಓ. ವೃತ್ತದವರೆಗಿನ ಸುಮಾರು ಹನ್ನೆರಡೂವರೆ ಕಿ.ಮೀ. ಮಾತ್ರ ತೆರೆಯಿತು, ಉಳಿದದ್ದು ತುಂಡುತುಂಡಾಗಿ ಬೆಳೆಯಿತು. ಸರ್ಕಾರಿ ಕಡತದೊಳಗೂ ಆವರ್ತನ ಸಾಧ್ಯವೆಂಬುದಕ್ಕೆ ಇನ್ನೇನು ಬೇಕು? (ಅದರ ಸೈಕಲ್ ಪಥಗಳಲ್ಲಿ ಇಂದು ಕಾರುಗಳು ನಿಂತಿರುವುದನ್ನು ನೋಡಿದರೆ, ತಿದ್ದುವ ಉತ್ಸಾಹ ಎಲ್ಲೋ ಬತ್ತಿಹೋಯಿತೆಂದೂ ಹೇಳಬೇಕು.)

ನನ್ನ ಜಗಳವಿರುವುದು ತವರಿನೊಂದಿಗೆ. ಹುಬ್ಬಳ್ಳಿ–ಧಾರವಾಡದ ಬಿ.ಆರ್.ಟಿ.ಎಸ್.ಗೂ ಇದೇ ಸೆಪ್ಟ್‌ನ ನೆರವಿತ್ತು. ಆದರೆ ನಾವು ಅಹಮದಾಬಾದಿನಿಂದ ತಂದದ್ದು ಸಿದ್ಧರೂಪವನ್ನು: ನಡುವಿನ ಪಥ, ಎತ್ತರದ ನಿಲ್ದಾಣ, ತಾನೇ ತೆರೆಯುವ ಬಾಗಿಲು. ಆ ರೂಪ ಹುಟ್ಟಿದ ಬಗೆಯನ್ನು ತರಲಿಲ್ಲ. ಸುಮಾರು 22 ಕಿ.ಮೀ. ಉದ್ದದ ಒಂದೇ ಪಥವನ್ನು ವರ್ಷಗಟ್ಟಲೆ ಅಗೆದು ಕಟ್ಟಿದರು. 2018ರ ಅಕ್ಟೋಬರ್‌ನಲ್ಲಿ ‘ಚಿಗರಿ’ ಬಸ್ಸುಗಳ ಪ್ರಾಯೋಗಿಕ ಸಂಚಾರ ಆರಂಭವಾಯಿತು. 2020ರ ಫೆಬ್ರುವರಿ 2ರಂದು ವಿಧ್ಯುಕ್ತ ಉದ್ಘಾಟನೆ. ಕಾಂಕ್ರೀಟು ಒಣಗಿದ ಮೇಲೆ ನಡೆಸುವ ಪ್ರಯೋಗ ಯಾರಿಗೆ ಏನನ್ನು ಕಲಿಸೀತು? ಚಾಲಕನಿಗೆ ದಾರಿ ಪರಿಚಯವಾಗುತ್ತದೆ, ಅಷ್ಟೆ. ಮಳೆಗಾಲದಲ್ಲಿ ಧಾರವಾಡದ ಟೋಲ್‌ನಾಕಾ ಬಳಿ ನಿಂತ ನೀರು, ಒಂದು ತುಂಡನ್ನು ಮೊದಲು ಕಟ್ಟಿ ಒಂದು ಮಳೆ ಕಾದಿದ್ದರೆ ತಿಳಿಯಬಹುದಾಗಿದ್ದ ಸಂಗತಿ.

ಚಿಕ್ಕದಾಗಿ ಆರಂಭಿಸಿದರೆ ಸಾಕೆನ್ನುವವರು ದೆಹಲಿಯನ್ನು ನೆನೆಯಲಿ. ಅಲ್ಲಿಯೂ 2008ರಲ್ಲಿ ಶುರುವಾದದ್ದು ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗಿನ 5.8 ಕಿ.ಮೀ. ಮಾತ್ರ, 2016ರಲ್ಲಿ ಅದನ್ನು ಕಿತ್ತುಹಾಕಿದರು. ಚಿಕ್ಕತನವಲ್ಲ, ಕಂಡ ತಪ್ಪನ್ನು ನಾಳೆಯೇ ತಿದ್ದುವ ಅಧಿಕಾರ ಕೆಳಗಿನವರ ಕೈಯಲ್ಲಿದೆಯೇ ಎಂಬುದು ಪ್ರಶ್ನೆ. 1994ರ ಪ್ಲೇಗಿನ ಮರುವರ್ಷ ಸೂರತ್ ಪಾಲಿಕೆಯ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಮಾಡಿದ್ದು ಇದನ್ನೇ. ನಗರವನ್ನು ಆರು ವಲಯಗಳಾಗಿಸಿ, ವಲಯಾಧಿಕಾರಿಗಳಿಗೆ ಹಣ ಖರ್ಚುಮಾಡುವ ಅಧಿಕಾರವನ್ನೇ ಬಿಟ್ಟುಕೊಟ್ಟರು. ಅಧಿಕಾರಿಗಳು ಬೆಳಗ್ಗೆ ಬೀದಿಯಲ್ಲಿ, ಆಮೇಲೆ ದಿನವೂ ಸಭೆಯಲ್ಲಿ. ‘ಎ.ಸಿ.ಯಿಂದ ಡಿ.ಸಿ.ಗೆ’ ಎಂದು ಅದಕ್ಕೆ ಹೆಸರು: ತಂಪು ಕೋಣೆಯಿಂದ ದಿನಗೆಲಸಕ್ಕೆ. ಯೂಟಾದ ಹಿಮಬೆಟ್ಟದಲ್ಲಿ 17 ಮಂದಿ ಕೂಡಿ ಅಜೈಲ್ ಪ್ರಣಾಳಿಕೆ ಬರೆದದ್ದು 2001ರಲ್ಲಿ. ಅಷ್ಟರಲ್ಲಿ ಸೂರತ್ತಿನ ಬೀದಿಗಳು ಗುಡಿಸಿ ಆಗಿತ್ತು.

ಹಾಗೆಂದು ಸರದಿಯ ಕ್ರಮವನ್ನು ಹೀಗಳೆಯುವುದು ಜಾಣತನವಲ್ಲ. ವಡೋದರದ ವಿಶ್ವಾಮಿತ್ರಿಯ ದಡಕ್ಕೆ ಗೋಡೆ ಕಟ್ಟಿ, ಆಮೇಲೆ ಮೊಸಳೆಗಳನ್ನೂ ನೆರೆಯನ್ನೂ ‘ಮುಂದಿನ ಸ್ಪ್ರಿಂಟಿನಲ್ಲಿ’ ನೋಡಿಕೊಳ್ಳೋಣವೆನ್ನಲು ಬರುವುದಿಲ್ಲ. 2024ರ ಆಗಸ್ಟಿನ ನೆರೆಯಲ್ಲಿ ಮನೆಯೊಳಗೆ ನೀರು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರಳಿ ಬಿಚ್ಚಲಾಗದ್ದಕ್ಕೆ ಅಳತೆ ಮೊದಲು, ಅಗೆತ ಆಮೇಲೆ. ವಾಟರ್‌ಫಾಲಿನ ಪಿತಾಮಹನೆಂದು ಬೈಸಿಕೊಳ್ಳುವ ವಿನ್‌ಸ್ಟನ್ ರಾಯ್ಸ್ ಕೂಡ 1970ರ ತನ್ನ ಪ್ರಬಂಧದಲ್ಲಿ ಆ ಸರಳ ಮೆಟ್ಟಿಲುಗಳನ್ನು ಚಿತ್ರಿಸಿ, ಇದು ಅಪಾಯಕಾರಿ, ಹೊಸದನ್ನು ಎರಡು ಸಲ ಮಾಡಿ ಎಂದೇ ಹೇಳಿದ್ದ. ಚಿತ್ರ ಉಳಿಯಿತು, ಎಚ್ಚರಿಕೆಯನ್ನು ಓದಿದವರು ಕಡಿಮೆ.

ಈಗ ಹುಬ್ಬಳ್ಳಿ–ಧಾರವಾಡದ ಅದೇ ಪಥದಲ್ಲಿ ವಿದ್ಯುತ್‌ಚಾಲಿತ ಕ್ಷಿಪ್ರ ಸಾರಿಗೆಯನ್ನು ತರುವ ಪ್ರಸ್ತಾಪ ಸುದ್ದಿಯಲ್ಲಿದೆ. ಬರಲಿ. ಆದರೆ ಉಣಕಲ್ಲಿನಿಂದ ನವನಗರದವರೆಗೆ ಮೊದಲು ಒಂದು ಮಳೆಗಾಲವಿಡೀ ಓಡಿಸಲಿ. ರಸ್ತೆ ದಾಟುವ ಮುದುಕಿಯನ್ನೂ, ಪಥದಿಂದ ಹೊರದಬ್ಬಲ್ಪಟ್ಟ ಆಟೋದವನನ್ನೂ ಕೇಳಲಿ. ಅವರ ಮಾತಿನಿಂದ ನಕ್ಷೆಯಲ್ಲಿ ಯಾವ ಗೆರೆ ಬದಲಾಯಿತೆಂಬುದನ್ನು ಕನ್ನಡದಲ್ಲಿ ಪ್ರಕಟಿಸಲಿ. ಉಳಿದ ಗುತ್ತಿಗೆಗೆ ಸಹಿ ಬೀಳುವುದು ಅದಾದ ಮೇಲೆ.